ಒಂಟಿ ದುರ್ಬೀನು

ಅಡುಗೆಮನೆಯ ಮೇಜಿನ ಮೇಲೆ ಹಿಟ್ಟು ತೂಗುವ ತಕ್ಕಡಿ ಇತ್ತು. ಸಿಗ್ನೆ ಅದರ ಮೇಲೆ ಒಂದೊಂದೇ ಸಾಮಾನು ಇಟ್ಟು ತೆಗೆಯುತ್ತಿದ್ದಳು. ಇಬ್ಬರಿಗೂ ಒಂದೇ ಚಮಚ ಸಾಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಆಗಲೇ ಅರ್ಧಕ್ಕೆ ತುಂಡಾಗಿತ್ತು. ರ್‍ಯಾಂಗಲ್ ಹಿಮಬೆಟ್ಟಗಳಿಗೆ ಬಿಳಿ ಕಾಡುಟಗರಿನ ಬೇಟೆಗೆ ಹೊರಡುವ ಮುನ್ನ ಎಂಥ ಧಾರಾಳಿಯೂ ಹೀಗೆ ಜಿಪುಣನಾಗುತ್ತಾನೆ. ಅಂಗಡಿಯಲ್ಲಿ ದುಡ್ಡಿನ ಮುಖ ನೋಡದವರು ಬೆನ್ನ ಮೇಲೆ ಹೊರುವಾಗ ಗ್ರಾಮಿಗೆ ಜಗಳ ಆಡುತ್ತಾರೆ.

"ಇನ್ನು ಇದು," ಎಂದು ಅವಳು ಜೋಡಿ ದುರ್ಬೀನನ್ನು ತಕ್ಕಡಿಗೆ ಏರಿಸಿದಳು. ಮುಳ್ಳು ಜೋರಾಗಿ ಓಡಿತು.

"ಅದು ಬೇಡ." ಅವಳ ಅಪ್ಪ ಓರಿನ್ ಅಂಗಿಯ ಜೇಬಿನಿಂದ ಕಪ್ಪು ಕೊಳವೆಯೊಂದನ್ನು ತೆಗೆದ. "ಇದನ್ನ ತಗೊಂಡು ಹೋಗೋಣ. ಒಂಟಿ ದುರ್ಬೀನು. ಆ ದಪ್ಪದ್ದರ ಕಾಲು ಭಾಗ ತೂಕ ಇಲ್ಲ ನೋಡು."

"ಅಪ್ಪ, ಇದರಲ್ಲಿ ದಿನವಿಡೀ ನೋಡಿದ್ರೆ ಕಣ್ಣು ಕಿತ್ತು ಬರತ್ತೆ. ಕೈ ಚೂರು ನಡುಗಿದ್ರೆ ಬೆಟ್ಟಾನೇ ನಡುಗತ್ತೆ."

"ಹೊಡಿಯೋದು ಒಂದೇ ಟಗರು. ಅದಕ್ಕೆ ಎರಡು ಕೊಳವೆ ಯಾಕೆ?"

"ಬೂಟಲ್ಲಿ, ದುರ್ಬೀನಿನ ಗಾಜಲ್ಲಿ ಕಂಜೂಸ್‌ತನ ಮಾಡಬೇಡ ಅಂತ ಬಡ್ಕೊಂಡಿದ್ದು ಯಾರು?"

"ಆಗ ನನ್ನ ಮಂಡಿ ಗಟ್ಟಿ ಇತ್ತು ಕಣೇ. ಈಗ ಮಂಡಿ ಕೇಳಬೇಕಲ್ಲ."

ಮಂಡಿಯ ಮಾತು ಬಂದ ಮೇಲೆ ಜೋಡಿ ದುರ್ಬೀನು ಕಪಾಟಿಗೆ ವಾಪಸಾಯಿತು.

ಮಂಡಿ ಬರೀ ನೆಪ. ಆ ವಸಂತದಲ್ಲಿ ಓರಿನ್‌ನ ಎಡಗಣ್ಣಿನ ಹಿಂದಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಕಣ್ಣಿನ ಬೆಳಕು ಹೊರಟುಹೋಗಿತ್ತು. ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಟಗರಿನ ಕೊಂಬು ನೋಡಿ ಹೊಡೆಯಬಹುದೋ ಬಾರದೋ ಎಂದು ಹೇಳುವುದರಲ್ಲಿ ಅವನ ಮಾತಿಗೆ ಅವರಿದ್ದ ಕಣಿವೆಯಲ್ಲೆಲ್ಲ ಬೆಲೆಯಿತ್ತು. ಕೊಂಬು ಪೂರ್ತಿ ಒಂದು ಸುತ್ತು ಬಂದು, ಪಕ್ಕದಿಂದ ನೋಡಿದರೆ ತುದಿ ಮೂಗಿನ ಗೆರೆ ದಾಟಿರಬೇಕು, ಅದು ಕಾಯಿದೆ. ಬೆರಳಷ್ಟು ಕಮ್ಮಿಯಿದ್ದ ಟಗರನ್ನು ಕೆಡವಿದರೂ ಮಾಂಸ ಹೋಗುತ್ತದೆ, ಪರವಾನಗಿ ಹೋಗುತ್ತದೆ, ಊರಲ್ಲಿ ತಲೆಯೆತ್ತಿ ನಡೆಯುವುದೂ ಕಷ್ಟ. ಇದು ಸಿಗ್ನೆಯ ಮೊದಲ ಟಗರು. ಕೋವಿ ಅವಳದು, ಪರವಾನಗಿ ಅವಳದು. ಕಣ್ಣು ಮಾತ್ರ ತನ್ನದಾಗಿರಬೇಕೆಂದು ಓರಿನ್ ಅವಳು ಹುಟ್ಟಿದಾಗಿನಿಂದ ಕನಸು ಕಂಡಿದ್ದ.

ಜೋಡಿ ದುರ್ಬೀನಿಗೆ ಒಂದು ಕಣ್ಣು ಮುಚ್ಚಿ ನೋಡುವವನನ್ನು ಮಗಳು ಥಟ್ಟನೆ ಹಿಡಿದುಬಿಡುತ್ತಾಳೆ. ಒಂಟಿ ದುರ್ಬೀನಿಗಾದರೆ ಎಲ್ಲರೂ ಒಂದು ಕಣ್ಣು ಮುಚ್ಚಲೇಬೇಕು. ಅಷ್ಟೇ ಅವನ ಲೆಕ್ಕಾಚಾರ.

ಊರಿನ ಪೈಲಟ್ ಹಾಲಿಸ್ ತನ್ನ ಪುಟ್ಟ ವಿಮಾನದಲ್ಲಿ ಅವರನ್ನು ನದಿಯ ನಡುವಿನ ಜಲ್ಲಿದಿಬ್ಬದ ಮೇಲೆ ಇಳಿಸಿದ.

"ವಾರ ಬಿಟ್ಟು ಬರ್ತೀನಿ," ಎಂದ. "ನಿಮ್ಮಪ್ಪ ಹೊಡಿ ಅಂದ್ರೆ ಕಣ್ಣು ಮುಚ್ಕೊಂಡು ಹೊಡಿ ಸಿಗ್ನೆ. ನಂದೂ ಮೊದಲನೇದು ಹಾಗೇ ಬಿದ್ದಿದ್ದು."

ಓರಿನ್ ನಕ್ಕ. ಚೀಲ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಕೆಳಗೆ ವಿಲ್ಲೋ ಪೊದೆಗಳು, ಎದೆಮಟ್ಟ, ಒದ್ದೆ. ಅವನ್ನು ಸೀಳಿಕೊಂಡು ಹೊರಬಂದರೆ ಮೆತ್ತನೆಯ ಪಾಚಿನೆಲ, ಅದರ ತುಂಬ ನೀಲಿ ಬೆರಿಹಣ್ಣು. ಆಗಸ್ಟಿನ ಮಧ್ಯಕ್ಕೇ ಎಲೆಗಳು ಕೆಂಪು ತಿರುಗಿದ್ದವು. ಅದರ ಮೇಲೆ ಹಸಿರು ಮುಗಿದು ಬೂದುಗಲ್ಲಿನ ರಾಜ್ಯ. ಹಿಮನದಿಯೊಂದು ಎರಡು ಶಿಖರಗಳ ನಡುವೆ ಕೊಳೆಯಾದ ಹೊದಿಕೆಯಂತೆ ಬಿದ್ದುಕೊಂಡಿತ್ತು. ಗಾಳಿ ನಿಂತಾಗ ಎಲ್ಲೋ ಒಳಗೆ ನೀರು ಓಡುವ ಸದ್ದು ಕೇಳುತ್ತಿತ್ತು. ಓರಿನ್‌ಗೆ ಈ ಜಾಗವೆಂದರೆ ಪ್ರಾಣ. ಇಲ್ಲಿಗೆ ಇನ್ನು ಬರಲಾಗುವುದಿಲ್ಲ ಎಂಬ ಯೋಚನೆ ಬಂದಾಗಲೆಲ್ಲ ಅವನಿಗೆ ಅಳು ಒತ್ತರಿಸಿಕೊಂಡು ಬರುತ್ತಿತ್ತು.

ಜಾರುಗಲ್ಲಿನ ಇಳಿಜಾರಿನಲ್ಲಿ ಅವನು ಮುಂದಿನ ಕಲ್ಲಿಗೆ ಕಾಲಿಟ್ಟ. ಕಲ್ಲು ಅಲ್ಲಿರಲಿಲ್ಲ. ಇನ್ನೂ ಒಂದು ಗೇಣು ಆಚೆಗಿತ್ತು.

ಕಲ್ಲುಗಳು ಗಲಗಲ ಉರುಳಿದವು. ಓರಿನ್ ಬೆನ್ನ ಮೇಲೆ ಜಾರಿದ. ಊರುಗೋಲನ್ನು ಬಲವಾಗಿ ಚುಚ್ಚಿದ. ನಿಂತ.

"ಅಪ್ಪ!"

"ಕಲ್ಲು ಸಡಿಲ ಇತ್ತು. ನಡಿ ನಡಿ."

ಮರುದಿನ ಮಧ್ಯಾಹ್ನದ ಹೊತ್ತಿಗೆ, ಕಣಿವೆಯ ಆಚೆ ಗೋಡೆಯ ಅಂಚಿನಲ್ಲಿ, ಅವನೇ ಟಗರನ್ನು ಕಂಡುಹಿಡಿದ. ಬೂದುಬಂಡೆಯ ಮುಂದೆ ಪಕ್ಕಕ್ಕೆ ಮುಖ ಮಾಡಿ ಮಲಗಿತ್ತು. ಇಬ್ಬರೂ ತೊರೆಯ ತಗ್ಗಿನಲ್ಲಿ ಬಗ್ಗಿಕೊಂಡು ಸಾಗಿ, ಕೊನೆಯ ದಿಣ್ಣೆಯನ್ನು ಹೊಟ್ಟೆಯ ಮೇಲೆ ತೆವಳಿ ಏರಿದರು. ಸಿಗ್ನೆ ಬೆನ್ನುಚೀಲದ ಮೇಲೆ ಕೋವಿ ಊರಿದಳು.

"ಕೋವಿಯ ದುರ್ಬೀನಲ್ಲಿ ಕೊಂಬಿನ ತುದಿ ಗೊತ್ತಾಗ್ತಿಲ್ಲ. ಹಿಂದಿನ ಕಲ್ಲೂ ಅದೇ ಬಣ್ಣ. ನೀನು ಹೇಳು."

ಓರಿನ್ ಒಂಟಿ ದುರ್ಬೀನನ್ನು ಬಲಗಣ್ಣಿಗೆ ಒತ್ತಿದ. ಎರಡು ದಿನ ಒಂದೇ ಕಣ್ಣು ದುಡಿದು ದುಡಿದು ನೀರು ಸುರಿಸುತ್ತಿತ್ತು. ಒರೆಸಿಕೊಂಡು ಮತ್ತೆ ನೋಡಿದ. ಕೊಂಬು ಬುಡದಿಂದ ಹೊರಟು, ಕೆಳಗಿಳಿದು, ದವಡೆ ಬಳಸಿ, ಮೇಲೆದ್ದು, ಮೂಗಿನ ಗೆರೆಯನ್ನು ದಾಟಿತ್ತು. ಪೂರ್ತಿ ಸುತ್ತು. ಅವನ ಎದೆ ಅರಳಿತು.

"ಪೂರ್ತಿ ಇದೆ. ಹೊಡಿ."

ಸಿಗ್ನೆ ಉಸಿರೆಳೆದು ಅರ್ಧ ಬಿಟ್ಟಳು.

ಆಗ ಟಗರಿನ ಮೂಗಿನ ಮುಂದೆ ಒಂದು ಕಿವಿ ಅಲ್ಲಾಡಿತು.

ಓರಿನ್‌ಗೆ ಮೊದಲು ಅರ್ಥವಾಗಲಿಲ್ಲ. ಮೂಗಿನ ಮುಂದೆ ಯಾವ ಟಗರಿಗೂ ಕಿವಿ ಇರುವುದಿಲ್ಲ. ಆಮೇಲೆ ಎದೆ ಝಲ್ಲೆಂದಿತು. ಹಿಂದೆ ಇನ್ನೊಂದು ಮಲಗಿದೆ. ಮುಂದಿನದರ ಕೊಂಬು ಎಲ್ಲೋ ಮುಗಿದಿದೆ, ಹಿಂದಿನದರ ಕೊಂಬು ಅಲ್ಲಿಂದ ಮುಂದುವರಿದಿದೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳಲು ಒಂದು ಕಣ್ಣಿಗೆ ಆಗಿರಲಿಲ್ಲ.

"ಬೇಡ! ಬೇಡ, ಸಿಗ್ನೆ!"

ಕೂಗು ಕಣಿವೆಯಲ್ಲಿ ಮೊಳಗಿತು. ಎರಡು ಟಗರುಗಳು ಒಟ್ಟಿಗೇ ಎದ್ದು ನಿಂತವು. ಮುಂದಿನದರ ಕೊಂಬು ಸುತ್ತಿನ ಮುಕ್ಕಾಲಿಗೇ ನಿಂತಿತ್ತು, ಎಳೆಯದು. ನೋಡನೋಡುತ್ತಿದ್ದಂತೆ ಎರಡೂ ಅಂಚು ದಾಟಿ ಮಾಯವಾದವು.

"ಏನಾಯ್ತು ನಿಂಗೆ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಬೆಳಕು ಸರಿಯಿರಲಿಲ್ಲ ಎಂದರೆ ಅವಳು ನಂಬುತ್ತಿದ್ದಳು. ಓರಿನ್ ದುರ್ಬೀನನ್ನು ಕಲ್ಲಿನ ಮೇಲಿಟ್ಟ.

"ನನಗೆ ಎಡಗಣ್ಣು ಕಾಣಲ್ಲ. ಚಳಿ ಮುಗಿಯೋ ಹೊತ್ತಿಂದ. ದೃಷ್ಟಿ ವಾಪಸ್ ಬರಲ್ಲ ಅಂದ್ರು ಡಾಕ್ಟರು."

ಸಿಗ್ನೆ ಕೋವಿಯಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡಳು.

"ಅದಕ್ಕೇನಾ ಇದನ್ನ ತಂದಿದ್ದು? ನಾನು ನೋಡಬಾರದು ಅಂತ?"

"ಹೂಂ."

"ನಿನ್ನ ಒಂದು ಕಣ್ಣು ಮುಚ್ಚಿಡೋಕೆ ನನ್ನ ಒಂದು ಕಣ್ಣನ್ನೂ ಮುಚ್ಚಿಸಿದೆಯಲ್ಲಪ್ಪ! ನನ್ನ ಬೆರಳು ಟ್ರಿಗರ್ ಮೇಲಿತ್ತು. ನಿನ್ನ ಮಾತು ಅಂತ ನಾನು ಇನ್ನೊಂದು ಸಲ ನೋಡ್ಲೂ ಇಲ್ಲ."

ಅವಳು ದಡಬಡ ಕೆಳಗಿಳಿದು ಹೋದಳು. ಓರಿನ್ ಅಲ್ಲೇ ಕೂತ. ನಾಚಿಕೆಯಿಂದ ಅವನ ಕಿವಿ ಕಾದಿತ್ತು. ಆದರೂ ಬಹಳ ದಿನದ ಮೇಲೆ ಎದೆ ಹಗುರವಾಗಿತ್ತು, ಅದಕ್ಕೂ ಅವನಿಗೆ ನಾಚಿಕೆಯಾಯಿತು.

ಮಂಜು ಇಳಿದು ಎರಡು ದಿನ ಡೇರೆಯಲ್ಲೇ ಕೂಡಿಹಾಕಿತು. ಸಿಗ್ನೆ ಸಾಲ್ಮನ್ ಒಣಮೀನನ್ನು ಸರಿಯಾಗಿ ಎರಡು ಪಾಲು ಮಾಡಿ ಕೊಡುತ್ತಿದ್ದಳು, ಕಾಫಿ ಕಾಯಿಸುತ್ತಿದ್ದಳು, ಮಾತು ಮಾತ್ರ ಇಲ್ಲ. ಎರಡನೆಯ ದಿನ ಸಂಜೆ ಇದ್ದಕ್ಕಿದ್ದಂತೆ ಕೇಳಿದಳು, "ಕಾಫಿ ಸುರಿಯುವಾಗ ಲೋಟದ ಹೊರಗೆ ಹೋಗ್ತಿತ್ತಲ್ಲ ಮನೇಲಿ. ಅದೂ ಇದಕ್ಕೇನಾ?"

"ಹೂಂ. ಎಷ್ಟು ದೂರ ಅಂತ ತಿಳಿಯಲ್ಲ."

"ನೀನು ಕುಡೀತಿದ್ದೀಯ ಅಂದ್ಕೊಂಡಿದ್ದೆ ನಾನು."

"ಅದಾದ್ರೂ ಮಜಾ ಇರ್ತಿತ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಮತ್ತೆ ಸಿಟ್ಟು ಬಂದು ಮಗ್ಗುಲು ತಿರುಗಿ ಮಲಗಿದಳು.

ಮಂಜು ಹರಿದ ಬೆಳಗ್ಗೆ ಅವಳು ದುರ್ಬೀನನ್ನು ತನ್ನ ಕೈಗೆ ತೆಗೆದುಕೊಂಡಳು. ಊರುಗೋಲನ್ನು ಕಲ್ಲುಗಳ ನಡುವೆ ನೆಟ್ಟು, ತುದಿಗೆ ಟೋಪಿ ಮಡಿಸಿಟ್ಟು, ಅದರ ಮೇಲೆ ಕೊಳವೆಯನ್ನು ಊರಿದಳು. ಬೆಟ್ಟ ನಡುಗುವುದು ನಿಂತಿತು. ಹೊತ್ತು ಏರುವವರೆಗೂ ಕದಲದೆ ನೋಡಿ, ಮೇಲಿನ ಅಂಚಿನ ಹುಲ್ಲಿನ ಚೂರಿನಲ್ಲಿ ಒಂಟಿಯಾಗಿ ಮೇಯುವ ಟಗರೊಂದನ್ನು ಹಿಡಿದಳು. ಬಳಸಿ ಹತ್ತಿ ಹತ್ತಿರವಾದ ಮೇಲೆ ಕೊಳವೆಯನ್ನು ಅಪ್ಪನತ್ತ ಚಾಚಿದಳು.

"ನೋಡ್ತೀಯಾ?"

ಓರಿನ್‌ಗೆ ಆಸೆಯಿಂದ ಕೈ ತುರಿಸಿತು. "ಬೇಡ. ನಾನು ನೋಡಿದ್ರೆ ನೀನು ನನ್ನ ಮಾತೇ ಕೇಳ್ತೀಯ. ಹೇಳು, ಹಿಂದೆ ಏನಿದೆ?"

"ಆಕಾಶ. ಬೇರೆ ಏನೂ ಇಲ್ಲ."

"ಪಕ್ಕಕ್ಕೆ ತಿರುಗೋವರೆಗೆ ಕಾಯಿ. ಮೂಗಿನ ಗೆರೆ ದಾಟಿದ್ಯಾ?"

"ತಲೆ ತಗ್ಗಿಸಿದೆ... ತಡಿ. ಹಾಂ, ದಾಟಿದೆ."

"ಆಸೆಗೆ ಕಾಣ್ತಿದ್ಯೋ, ನಿಜವಾಗ್ಲೂ ಇದ್ಯೋ?"

ಟಗರು ಒಂದು ಸುತ್ತು ತಿರುಗಿ ಮೇಯಿತು. ಅವಳು ಮತ್ತೆ ನೋಡಿದಳು, ಮತ್ತೆ ನೋಡಿದಳು.

"ಇದೆ ಅಪ್ಪ. ನಾನು ಹೊಡೀತೀನಿ."

ಗುಂಡು ಒಂದೇ. ಟಗರು ನಿಂತಲ್ಲೇ ಕುಸಿಯಿತು. ಹತ್ತಿರ ಹೋದಾಗ ಸಿಗ್ನೆ ಮೊದಲು ಕೊಂಬಿನ ತುದಿಗೆ ಕೈ ಹಾಕಿದಳು, ಅದು ಮೂಗಿನ ಗೆರೆಯಿಂದ ಎರಡು ಬೆರಳು ಮೇಲಿತ್ತು. ಆಮೇಲೆ ಟಗರಿನ ಕುತ್ತಿಗೆಯ ಮೇಲೆ ಅಂಗೈ ಇಟ್ಟು ಅತ್ತಳು. ಓರಿನ್ ಅವಳನ್ನು ಅಳಲು ಬಿಟ್ಟು ಚಾಕು ಮಸೆದ.

ಮಾಂಸ ಹೊತ್ತು ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ. ವಿಮಾನದ ದಿಬ್ಬಕ್ಕೆ ದಾಟಬೇಕಾದ ಹೊಳೆಯ ದಂಡೆಗೆ ಬಂದಾಗ ಹಿಮ ಕರಗಿ ನೀರು ಬೂದುಬಣ್ಣಕ್ಕೆ ಉಬ್ಬಿತ್ತು. ರಾತ್ರಿಯ ಚಳಿಗೆ ಅದು ಇಳಿಯಲೆಂದು ಕಾದು, ನಸುಕಿಗೆ ಜಾರಿದರೆ ಚೀಲ ಕಳಚಲು ಸುಲಭವಾಗಲೆಂದು ಅದರ ಸೊಂಟದ ಪಟ್ಟಿ ಸಡಿಲಿಸಿಕೊಂಡು ನೀರಿಗಿಳಿದರು.

ನಡುಹೊಳೆ. ನೀರು ತೊಡೆಯವರೆಗೆ. ಮುಂದೆ ಬಂಡೆಗಳ ಸಾಲು.

ಓರಿನ್ ನಿಂತುಬಿಟ್ಟ.

"ಸಿಗ್ನೆ, ಕಲ್ಲು ಎಷ್ಟು ದೂರ ಇದೆ ಹೇಳು. ನನಗೆ ಗೊತ್ತಾಗ್ತಿಲ್ಲ."

ಬದುಕಿನಲ್ಲಿ ಅವನು ಹೀಗೆ ಯಾರನ್ನೂ ಕೇಳಿರಲಿಲ್ಲ.

"ಒಂದು ಹೆಜ್ಜೆ. ಇನ್ನೂ ಮುಂದೆ. ಹಾಂ, ಇಡು. ಈಗ ಎಡಕ್ಕೆ, ಸಣ್ಣದು."

ಅವನು ಇಟ್ಟ. ಮತ್ತೊಂದು. ಮೂರನೆಯದರಲ್ಲಿ ಪಾಚಿ ಜಾರಿತು. ನೀರು ಎದೆಗೆ ಬಂದು ಹೊಡೆಯಿತು. ಸಿಗ್ನೆ ಅವನ ಚೀಲದ ಪಟ್ಟಿಗೆ ಕೈ ಹಾಕಿ, ಕಾಲೂರಿ, ಎಳೆದಳು.

"ಹಿಡಿದಿದ್ದೀನಿ! ಎದ್ದೇಳು ಮಾರಾಯ, ಮಾಂಸ ಒದ್ದೆ ಆಗತ್ತೆ!"

ದಡದಲ್ಲಿ ಬಿದ್ದುಕೊಂಡು ಇಬ್ಬರೂ ಹಲ್ಲು ಕಟಕಟಿಸುತ್ತ ನಕ್ಕರು.

ಹಾಲಿಸ್ ಹೇಳಿದ ದಿನಕ್ಕೇ ಬಂದಿಳಿದ. ಕೊಂಬು ನೋಡಿ ಸಿಳ್ಳೆ ಹಾಕಿದ.

"ಭಲೇ! ಓರಿನ್ ಹೊಡಿ ಅಂದ್ಮೇಲೆ ಮುಗೀತು ನೋಡು. ಹೇಳಿರ್ಲಿಲ್ವಾ ನಾನು?"

ಸಿಗ್ನೆ ಚೀಲ ಕಟ್ಟುವ ನೆಪದಲ್ಲಿ ಬಗ್ಗಿದಳು. ಅಪ್ಪನ ಮಾನ ಅಪ್ಪನ ಕೈಯಲ್ಲಿರಲಿ ಎಂದು ಅವಳು ಬಾಯಿ ಬಿಡಲಿಲ್ಲ.

"ನಾನು ಹೊಡಿ ಅಂದಿದ್ದು ಬೇರೆದಕ್ಕೆ, ಅದು ಮರಿ," ಎಂದ ಓರಿನ್. "ಇದನ್ನ ನೋಡಿದ್ದೂ ಅವಳೇ, ಹೇಳಿದ್ದೂ ಅವಳೇ. ನನಗೆ ಎಡಗಣ್ಣು ಹೋಗಿದೆ ಹಾಲಿಸ್. ಇನ್ನು ಮೇಲೆ ಕೊಂಬಿನ ಮಾತಿಗೆ ನನ್ನ ಹತ್ರ ಯಾರನ್ನೂ ಕಳಿಸಬೇಡ. ಇವಳ ಹತ್ರ ಕಳಿಸು."

ಹಾಲಿಸ್ ಮಾಂಸದ ಚೀಲಗಳನ್ನು ಹಿಂದಕ್ಕೆ ತುಂಬಿದ. ಮುಂದಿನ ಬಲಗಡೆ ಸೀಟಿನ ಮೇಲಿದ್ದ ತನ್ನ ಜಾಕೆಟ್ಟು, ಹಗ್ಗ, ಊಟದ ಡಬ್ಬಿ ಎಲ್ಲವನ್ನೂ ಎತ್ತಿ ಹಿಂದೆ ಎಸೆದ.

"ಹತ್ತು ಓರಿನ್," ಎಂದ. "ಈ ಕಡೆ ಕೂತ್ಕೋ. ಕಿಟಕಿ ನಿನ್ನ ಬಲಕ್ಕೆ ಬರತ್ತೆ."

ವಿಮಾನ ದಿಬ್ಬ ಬಿಟ್ಟು ಎದ್ದಿತು. ಓರಿನ್ ಹಣೆಯನ್ನು ಗಾಜಿಗೆ ಒತ್ತಿ ಕೂತಿದ್ದ. ಹಿಂದಿನ ಸೀಟಿನಿಂದ ಸಿಗ್ನೆ ಅವನ ಭುಜದ ಮೇಲೆ ಕೈ ಇಟ್ಟು, "ಏನು ಕಾಣ್ತಿದೆ ಅಪ್ಪ?" ಎಂದು ಕೂಗಿ ಕೇಳಿದಳು.

ಅವನು ಒಂದೊಂದಾಗಿ ಹೇಳತೊಡಗಿದ.