ಮೂರು ವರ್ಷ ಎರಡು ತಿಂಗಳ ಪರಿಚಯ

"ಸಾರ್... ಒಂದು ಸಹಿ ಬೇಕಿತ್ತು."

ಪ್ರೇಮಲತಾ ಹೀಗೆ ಹೇಳಿದ ಗಳಿಗೆಯಲ್ಲಿ ಡಾಕ್ಟರ್ ಜಯಪ್ರಕಾಶನ ಬಲಗೈ ಭುಜದವರೆಗೂ ಒಂದು ಹಸುವಿನ ಒಳಗಿತ್ತು.

"ಯಾವ ಕೈಯಲ್ಲಿ ಹಾಕ್ಲಿ?" ಎಂದ ಅವನು, ತಿರುಗಿಯೂ ನೋಡದೆ.

ಹಸು ನರಳಿತು. ಬಾಲ ಹಿಡಿದುಕೊಂಡಿದ್ದ ಅಟೆಂಡರ್ ಚಿಕ್ಕಯ್ಯ ಅವಳ ಪರವಾಗಿ ಸಂಕೋಚಪಟ್ಟು, "ಸ್ವಲ್ಪ ತಡ್ಕಳಮ್ಮ. ಇದ್ರದ್ದು ನಿಮ್ಗಿಂತ ಅರ್ಜೆಂಟು," ಎಂದ.

ಅದು 1998ರ ಆಗಸ್ಟ್. ಕೊಟ್ಟಿಗೆಹಾರದ ಪಶು ಆಸ್ಪತ್ರೆಯ ಅಂಗಳ. ಪ್ರೇಮಲತಾ ಬಾಳೂರಿನ ಎಸ್ಟೇಟೊಂದರ ಮೇಸ್ತ್ರಿ ಗುರುವಯ್ಯನ ಮಗಳು. ಮೈಸೂರಿನಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ ಬಂದಿದ್ದಳು. "ಕಲ್ಲು ಓದೋಕೆ ಮೈಸೂರಿಗೆ ಎಂತಕ್ಕೆ ಹೋಗ್ಬೇಕಿತ್ತು ಮಾರಾಯ? ನಮ್ಮ ತೋಟದಲ್ಲೇ ಲೋಡುಗಟ್ಲೆ ಬಿದ್ದಿತ್ತಲ್ಲ!" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಗುರುವಯ್ಯನನ್ನು ಕೇಳಿದ್ದರು. ಗುರುವಯ್ಯ ನಕ್ಕು ಸುಮ್ಮನಾಗಿದ್ದ. ಉತ್ತರ ಮಗಳು ಕೊಡಲಿ ಎಂದು.

ಆ ಉತ್ತರ ಈಗ ಅವಳ ಕೈಚೀಲದಲ್ಲಿತ್ತು. ಕೇಂದ್ರ ಸರ್ಕಾರದ ಭೂವಿಜ್ಞಾನಿ ಹುದ್ದೆಯ ಪರೀಕ್ಷೆಗೆ ಅರ್ಜಿ. ಕೊನೆಯ ದಿನಾಂಕಕ್ಕೆ ಇನ್ನು ಒಂದೇ ವಾರ.

ಓದಿದ್ದನ್ನು ಓದಿದ್ದೇನೆಂದು ಸರ್ಕಾರ ನಂಬಬೇಕಾದರೆ ಅಂಕಪಟ್ಟಿಯ ಪ್ರತಿಯ ಮೇಲೆ ಗೆಜೆಟೆಡ್ ಅಧಿಕಾರಿಯೊಬ್ಬರ ಹಸಿರು ಶಾಯಿಯ ಸಹಿ ಇರಬೇಕು. ಆ ಸುತ್ತಿನ ಊರುಗಳಿಗೆಲ್ಲ ಸೇರಿ ಹಸಿರು ಪೆನ್ನು ಇದ್ದದ್ದು ದನದ ಡಾಕ್ಟರ ಜೇಬಿನಲ್ಲಿ ಮಾತ್ರ. ಹಾಗಾಗಿ ಕೊಟ್ಟಿಗೆಹಾರದ ಪಶು ಆಸ್ಪತ್ರೆಯಲ್ಲಿ ಹಸುಗಳ ಜೊತೆ ಪದವೀಧರರೂ ಸಾಲು ನಿಲ್ಲುತ್ತಿದ್ದರು.

ಅರ್ಧ ಗಂಟೆಯಲ್ಲಿ ಕರು ಹುಟ್ಟಿತು. ಡಾಕ್ಟರ್ ಕೈ ತೊಳೆದು, ಒರೆಸಿ, ಕುರ್ಚಿಯಲ್ಲಿ ಕುಳಿತ. ಮೂವತ್ತು ದಾಟಿರಲಾರದು. ಕಡೂರು ಕಡೆಯವನಂತೆ. ಕೆನ್ನೆಯ ಮೇಲೆ ಒಣಗಿದ ಸಗಣಿಯ ಚುಕ್ಕೆಯೊಂದು ಇತ್ತು. 'ಹೇಳಲೋ ಬೇಡವೋ...' ಎಂದುಕೊಂಡಳು ಪ್ರೇಮಲತಾ. ಹೇಳಲಿಲ್ಲ.

"ಒರಿಜಿನಲ್ ಕೊಡಿ."

ಉಳಿದ ಅಧಿಕಾರಿಗಳು ಒರಿಜಿನಲ್ ಕೇಳುವುದಿಲ್ಲ ಎಂದು ಗೆಳತಿಯರು ಹೇಳಿದ್ದರು. ಇವನು ಕೇಳಿದ್ದಷ್ಟೇ ಅಲ್ಲ, ಪ್ರತಿ ಅಂಕವನ್ನೂ ಬೆರಳಿಟ್ಟು ಹೋಲಿಸಿ ನೋಡಿದ. ಹನ್ನೊಂದು ಸಹಿಗೆ ಮುಕ್ಕಾಲು ಗಂಟೆ!

ಕೊನೆಯ ಹಾಳೆ ನಡತೆ ಪ್ರಮಾಣಪತ್ರ. ಇಂಗ್ಲಿಷಿನಲ್ಲಿದ್ದ ಮೂರು ಸಾಲಿನ ಸಾರ ಇಷ್ಟು: ಇವರನ್ನು ನಾನು ಇಷ್ಟು ವರ್ಷ, ಇಷ್ಟು ತಿಂಗಳಿಂದ ಬಲ್ಲೆ. ಇವರ ನಡತೆ ಉತ್ತಮವಾಗಿದೆ. ಇವರು ನನ್ನ ಸಂಬಂಧಿಕರಲ್ಲ. ಪರಿಚಯ ಮೂರು ವರ್ಷಕ್ಕಿಂತ ಕಡಿಮೆ ಇರಕೂಡದೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಅವನು ಗಡಿಯಾರ ನೋಡಿದ.

"ಸೊನ್ನೆ ವರ್ಷ, ಸೊನ್ನೆ ತಿಂಗಳು, ಒಂದೂಕಾಲು ಗಂಟೆ. ಹಾಗಂತ ಬರೀಲಾ?"

"ಸಾರ್, ಎಲ್ಲರೂ ಸುಮ್ನೆ ಹಾಕಿ ಕೊಡ್ತಾರೆ!"

"ಎಲ್ಲರ ಹತ್ರ ಹೋಗಿ ಹಾಗಾದ್ರೆ. ನೀವು ಒಳ್ಳೆಯವರೇ ಇರಬಹುದು. ನಂಗೆ ಗೊತ್ತಿಲ್ಲ, ಅಷ್ಟೆ."

ಅವಳ ಕಿವಿ ಬಿಸಿಯಾಯಿತು. "ಆ ಹಸೂನೂ ನಿಮ್ಗೆ ಇವತ್ತೇ ಪರಿಚಯ ಅಲ್ವಾ? ಅದ್ರ ಕೆಲಸ ಮಾಡಿ ಕೊಟ್ರಲ್ಲ!"

"ಹಸುಗೆ ನಾನು ನಡತೆ ಸರ್ಟಿಫಿಕೇಟ್ ಕೊಡಲಿಲ್ಲಮ್ಮ."

ಚಿಕ್ಕಯ್ಯ ಬಾಗಿಲ ಹಿಂದೆ ಕೆಮ್ಮಿದ. ಅದು ಕೆಮ್ಮಲ್ಲವೆಂದು ಮೂವರಿಗೂ ಗೊತ್ತಿತ್ತು.

ಪ್ರೇಮಲತಾ ಕಾಗದ ಬಾಚಿಕೊಂಡು ಎದ್ದಳು. ಬಾಗಿಲ ಬಳಿ ತಿರುಗಿ, "ನಿಮ್ಮ ಕೆನ್ನೆ ಮೇಲೆ ಸಗಣಿ ಇದೆ," ಎಂದು ಹೇಳಿ ಹೊರಟಳು. ಆ ದಿನದ ಮಟ್ಟಿಗೆ ಅವಳಿಗೆ ಸಿಕ್ಕ ಸಮಾಧಾನ ಅದೊಂದೇ.

ಮರುದಿನ ಮೂಡಿಗೆರೆಯಲ್ಲಿ ಜಯದೇವಪ್ಪ ಎಂಬ ಅಧಿಕಾರಿ (ಇಲಾಖೆ ಯಾವುದೆಂಬುದು ಬೇಡ) ತಲೆಯನ್ನೇ ಎತ್ತದೆ ಸಹಿ ಹಾಕಿಕೊಟ್ಟರು. 'ಹತ್ತು ವರ್ಷಗಳಿಂದ ಬಲ್ಲೆ' ಎಂದು ಬರೆದರು. ಆ ಹತ್ತರಲ್ಲಿ ಐದು ವರ್ಷ ಅವಳು ಮೈಸೂರಿನಲ್ಲಿದ್ದಳು.

ಅರ್ಜಿ ಹೋಯಿತು. ಬಸ್ಸಿನಲ್ಲಿ ಮರಳುವಾಗ ಅವಳಿಗೆ ವಿಚಿತ್ರವಾಗಿ ಕಂಡದ್ದು ಒಂದೇ. ಕೊಟ್ಟ ಸರ್ಟಿಫಿಕೇಟಿಗಿಂತ ಕೊಡದೇ ಇದ್ದದ್ದೇ ಯಾಕೋ ಹೆಚ್ಚು ಬೆಲೆಯದ್ದಾಗಿ ಕಾಣುತ್ತಿದೆಯಲ್ಲ!

* * *

ಆ ಸಲ ಫಲಿತಾಂಶದ ಪಟ್ಟಿಯಲ್ಲಿ ಅವಳ ನಂಬರಿರಲಿಲ್ಲ.

ಕಳಸದ ಹೈಸ್ಕೂಲಿನಲ್ಲಿ ತಾತ್ಕಾಲಿಕ ಟೀಚರಾಗಿ ಸೇರಿಕೊಂಡಳು. ಮತ್ತೆ ಅರ್ಜಿ ಕರೆದಾಗ, ಹಟಕ್ಕೆಂಬಂತೆ ಅದೇ ಪಶು ಆಸ್ಪತ್ರೆಗೇ ಹೋದಳು.

"ಹನ್ನೊಂದು ತಿಂಗಳು, ಆರು ದಿನ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. "ಇನ್ನೂ ಸಾಲದು."

'ಇವರು ಲೆಕ್ಕ ಇಟ್ಟಿದ್ದಾರೆ...!' ಎಂದು ಅವಳೊಳಗೆ ಏನೋ ಪುಟ್ಟದಾಗಿ ಅಲುಗಿತು. ಹೊರಗೆ ಮಾತ್ರ, "ಒರಿಜಿನಲ್ ತಂದಿದ್ದೀನಿ," ಎಂದಳು.

ಅವನು ಸಹಿ ಹಾಕುತ್ತಿದ್ದಾಗ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಕಲ್ಲನ್ನು ಅವಳು ಎತ್ತಿ ನೋಡಿದಳು.

"ಇದು ಎಲ್ಲಿ ಸಿಕ್ತು ಸಾರ್?"

"ಚಾರ್ಮಾಡಿ ಇಳಿಜಾರಲ್ಲಿ. ಒಂದು ಎಮ್ಮೆ ನೋಡೋಕೆ ಹೋಗಿದ್ದೆ. ಯಾಕೆ?"

"ಇದು ನೈಸ್ ಅನ್ನೋ ಜಾತಿ ಕಲ್ಲು. ಈ ಕಪ್ಪು ಬಿಳಿ ಪಟ್ಟೆ ನೋಡಿ. ಇದ್ರ ವಯಸ್ಸು ಮುನ್ನೂರು ಕೋಟಿ ವರ್ಷ ಇರಬಹುದು."

ಅವನು ಪೆನ್ನು ಕೆಳಗಿಟ್ಟ. "ಮುನ್ನೂರು ಕೋಟಿ? ಇದ್ರ ಮೇಲೆ ಟೀ ಲೋಟ ಇಡ್ತಿದ್ನಲ್ರೀ!"

ಆಮೇಲಿನದ್ದು ಯಾರೂ ಯೋಜಿಸಿದ್ದಲ್ಲ. ಎಲ್ಲಿ ದನ ನೋಡಲು ಹೋದರೂ ಅವನ ಯೆಜ್ಡಿ ಬೈಕಿನ ಪೆಟ್ಟಿಗೆಯಲ್ಲಿ ಔಷಧಿಯ ಜೊತೆ ಒಂದು ಕಲ್ಲು ಬರತೊಡಗಿತು. ಸಂಸೆಯ ಕಲ್ಲು, ಹೊರನಾಡಿನ ಕಲ್ಲು, ಕುದುರೆಮುಖ ಕಡೆಯ ಭಾರದ ಕಲ್ಲು. ಪ್ರತಿಯೊಂದಕ್ಕೂ ಇಂಜೆಕ್ಷನ್ ಬಾಟಲಿಯ ಚೀಟಿ ಅಂಟಿಸಿ ಊರು, ತಾರೀಕು, ಜೊತೆಗೆ ರೋಗಿ ಯಾರೆಂದೂ ಬರೆಯುತ್ತಿದ್ದ. 'ಸಂಸೆ. ಮಾರ್ಚ್ 9. ಕಂದು ಹಸು, ಹೊಟ್ಟೆ ಉಬ್ಬರ.'

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಕೊಟ್ಟಿಗೆಹಾರಕ್ಕೆ ಬರುತ್ತಿದ್ದಳು. ಆಸ್ಪತ್ರೆಯ ಜಗಲಿಯಲ್ಲಿ ಕಲ್ಲುಗಳ ಪರೀಕ್ಷೆ. ಪರೀಕ್ಷೆ ಮುಗಿದವು ಅವಳ ಮನೆಗೆ.

"ಇದು ಪಟ್ಟೆ ಇರೋ ಕಬ್ಬಿಣದ ಕಲ್ಲು. ಇದು ಸ್ಫಟಿಕ. ಇದು..." ಅವಳು ಮೂಸಿ ನೋಡಿದಳು. "ಸಾರ್, ಇದು ಸಿಮೆಂಟು!"

"ಹೌದಾ? ಮೂರು ಮೈಲಿ ಹೊತ್ತಿದೀನಿ ಕಣ್ರೀ ಇದನ್ನ!"

ಚಿಕ್ಕಯ್ಯ ಆ ಸಿಮೆಂಟನ್ನೂ ಎಸೆಯಲು ಬಿಡದೆ ಗೇಟಿಗೆ ಅಡ್ಡ ಇಟ್ಟ.

ಎರಡನೇ ಸಲ ಅವಳು ಸಂದರ್ಶನದವರೆಗೂ ಹೋಗಿ ಸೋತಳು. ಅಂದು ಅವನು ಸಮಾಧಾನ ಹೇಳಲಿಲ್ಲ. "ಮುಂದಿನ ಅರ್ಜಿ ಯಾವಾಗ ಕರೀತಾರೆ?" ಎಂದಷ್ಟೇ ಕೇಳಿದ. ಮನೆಗೆ ಹೋಗಿ ಅವಳು ಅತ್ತಳು. ಸೋತದ್ದಕ್ಕೋ ಆ ಪ್ರಶ್ನೆಗೋ ಅವಳಿಗೇ ತಿಳಿಯಲಿಲ್ಲ.

ಮೂರನೇ ಸಲ, ಪಟ್ಟಿಯಲ್ಲಿ ಅವಳ ನಂಬರಿತ್ತು.

* * *

2001ರ ಅಕ್ಟೋಬರ್. ನಾಗಪುರಕ್ಕೆ ನೇಮಕ! ಆದೇಶದ ಜೊತೆ ಅದೇ ಮೂರು ಸಾಲಿನ ನಡತೆ ಪ್ರಮಾಣಪತ್ರ. ಹದಿನೈದು ದಿನದೊಳಗೆ ತಲುಪದಿದ್ದರೆ ನೇಮಕಾತಿ ರದ್ದು.

ಬಸ್ಸಿನಲ್ಲಿ ಅವಳು ಬೆರಳು ಮಡಚಿ ಎಣಿಸಿದಳು. ಮೂರು ವರ್ಷ, ಎರಡು ತಿಂಗಳು. ಸುಳ್ಳು ಬರೆಯದ ಮನುಷ್ಯನ ಹಸಿರು ಶಾಯಿಯಲ್ಲಿ 'ಇವರ ನಡತೆ ಉತ್ತಮವಾಗಿದೆ' ಎಂದು ಓದಬೇಕು... ಕೆಲಸದ ಆದೇಶಕ್ಕಿಂತ ಆ ಒಂದು ಸಾಲಿಗೇ ಅವಳ ಮನಸ್ಸು ಕಾದಿತ್ತು.

"ಸಾರ್! ಈಗ ಸಾಲುತ್ತಲ್ಲ?" ಎಂದು ನಗುತ್ತಲೇ ಹಾಳೆ ಮುಂದಿಟ್ಟಳು.

ಅವನು ಆದೇಶ ಓದಿ, ಹಿಗ್ಗಿ, ಚಿಕ್ಕಯ್ಯನನ್ನು ಕೂಗಿ ಟೀ ತರಿಸಿದ. ಆಮೇಲೆ ಪ್ರಮಾಣಪತ್ರ ಕೈಗೆತ್ತಿಕೊಂಡ. ಮೊದಲ ಸಾಲು ತುಂಬಿದ. ಎರಡನೆಯದರ ಮೇಲೆ ಪೆನ್ನು ಓಡಿತು. ಮೂರನೆಯದಕ್ಕೆ ಬಂದು ನಿಂತಿತು.

ನಿಂತೇ ಇತ್ತು.

ಅವನ ಮುಖದ ನಗು ಹೋಯಿತು. ಪೆನ್ನಿನ ಮುಚ್ಚಳ ಹಾಕಿದ.

"ಇದಕ್ಕೆ ನಾನು ಸಹಿ ಹಾಕೋಕೆ ಆಗಲ್ಲ."

"...ತಮಾಷೆ ಮಾಡ್ತಿದ್ದೀರಾ?"

"ಇಲ್ಲ. ಬೇರೆ ಯಾರ ಹತ್ರನಾದ್ರೂ ಹಾಕಿಸ್ಕೊಳ್ಳಿ. ತಡ ಮಾಡ್ಬೇಡಿ. ಇವತ್ತೇ ಹೋಗಿ."

"ಯಾಕೆ ಸಾರ್?"

ಅವನು ಅವಳನ್ನು ನೋಡಲಿಲ್ಲ. ಹೊರಗೆ ಕಟ್ಟಿದ್ದ ಮೇಕೆಯನ್ನು ನೋಡುತ್ತ, "ಈಗ ಹೇಳೋಕಾಗಲ್ಲ," ಎಂದ.

ಟೀ ಹಾಗೇ ಉಳಿಯಿತು. ಅವನು ತುಂಬಿದ್ದನ್ನು ಮೇಜಿನ ಮೇಲೇ ಬಿಟ್ಟು, ಜೊತೆಗೆ ತಂದಿದ್ದ ಖಾಲಿ ಇನ್ನೊಂದು ಪ್ರತಿಯನ್ನು ಎತ್ತಿಕೊಂಡು ಅವಳು ಹೊರಬಂದಳು.

ರಸ್ತೆಯಾಚೆ ಪುಟ್ಟಸ್ವಾಮಿಯ ಹೋಟೆಲು. ಹಿಂದಿನ ವಾರವಷ್ಟೇ ಆ ಪುಟ್ಟಸ್ವಾಮಿ, ಅವಳಿಗೆ ಕೇಳಲೆಂದೇ, ಗಿರಾಕಿಯೊಬ್ಬನಿಗೆ ಹೇಳಿದ್ದ: "ಬಾಳೂರು ಕಡೆ ದನಗಳಿಗೆ ಎಂತ ಕಾಯಿಲೆ ಮಾರಾಯ? ಡಾಕ್ಟ್ರ ಬೈಕು ಅತ್ಲಾಗೇ ತಿರುಗ್ತದಲ್ಲ!"

'ಇವರ ಕಿವಿಗೂ ಬಿದ್ದಿರಬೇಕು. ಮೇಸ್ತ್ರಿ ಮಗಳ ನಡತೆಗೆ ಸಹಿ ಹಾಕಿದರೆ ತಮ್ಮ ಹೆಸರು ಕೆಡುತ್ತದೆಂದು ಹೆದರಿದರು... ಮೂರು ವರ್ಷ ನೋಡಿಯೂ...!'

ಮೂಡಿಗೆರೆಯ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಕಲ್ಲುಗಳನ್ನೆಲ್ಲ ನಾಳೆಯೇ ಹಿಂದಿರುಗಿಸಬೇಕೆಂದುಕೊಂಡಳು. ಎರಡು ಗೋಣಿಚೀಲವಾದರೂ ಆದೀತು. ಕೂಲಿ ಆಳು ಬೇಕಾಗುತ್ತದೆಂದು ನೆನಪಾಗಿ ಇನ್ನಷ್ಟು ಅಳು ಬಂತು.

ಜಯದೇವಪ್ಪನವರು ಇನ್ನೂ ಅದೇ ಕುರ್ಚಿಯಲ್ಲಿದ್ದರು. 'ಹದಿಮೂರು ವರ್ಷಗಳಿಂದ ಬಲ್ಲೆ' ಎಂದು ಬರೆದು, ಸಹಿ ಮಾಡಿ, ಸೀಲು ಒತ್ತಿ, ಹಾಳೆ ಕೊಡುವಾಗ ಕನ್ನಡಕ ಏರಿಸಿ ಕೇಳಿದರು:

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ?"

* * *

ಮರುದಿನ ಬೆಳಗ್ಗೆ ಕೊಟ್ಟಿಗೆಹಾರದ ಅಂಚೆ ಕಚೇರಿಯಲ್ಲಿ ಲಕೋಟೆ ರಿಜಿಸ್ಟರ್ ಮಾಡಿ ಹೊರಬಂದರೆ, ಎದುರಿಗೆ ಯೆಜ್ಡಿ ನಿಂತಿತ್ತು. ಪಕ್ಕದಲ್ಲಿ ಅವನು.

ಅವಳು ನೋಡದವಳಂತೆ ನಡೆದಳು.

"ಕಳಿಸಿದ್ರಾ?"

ಅವಳು ಹೆಜ್ಜೆ ಬಿರುಸಾಗಿಸಿದಳು.

"ಕಳಿಸಿ ಆಯ್ತಾ, ಇಲ್ವಾ? ಅಷ್ಟು ಹೇಳಿ."

"ಆಯ್ತು!"

"ರಸೀದಿ ತೋರಿಸಿ."

ಕೋಪದಲ್ಲೂ ಅವಳಿಗೆ ನಗು ಬರುವುದರಲ್ಲಿತ್ತು. ಈ ಮನುಷ್ಯ ಒರಿಜಿನಲ್ ನೋಡದೆ ಯಾವುದನ್ನೂ ನಂಬುವವನಲ್ಲ! ರಸೀದಿ ಮುಖಕ್ಕೆ ಹಿಡಿದಳು. ಅವನು ನಂಬರು, ತಾರೀಕು, ಮೊಹರು ಎಲ್ಲ ಓದಿ ದೀರ್ಘವಾಗಿ ಉಸಿರುಬಿಟ್ಟ.

"ಈಗ ಹೇಳಬಹುದು," ಎಂದ.

ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು ಕೊಟ್ಟ. ನಿನ್ನೆಯ ಪ್ರಮಾಣಪತ್ರ. ಹಸಿರು ಶಾಯಿಯಲ್ಲಿ ಮೂರು ವರ್ಷ ಎರಡು ತಿಂಗಳು. ಎರಡನೇ ಸಾಲಿನಲ್ಲಿ ಅಚ್ಚಾಗಿದ್ದ 'ಗುಡ್' ಎಂಬುದಕ್ಕೆ ಮೊದಲು ಕೈಯಲ್ಲಿ 'ವೆರಿ' ಎಂದು ಸೇರಿಸಿದ್ದ.

ಅವಳಿಗೆ ಅಕ್ಷರಗಳು ಮಸುಕಾದವು. "ಮತ್ತೆ... ಸಹಿ ಯಾಕೆ ಹಾಕಲಿಲ್ಲ?"

"ಕೊನೇ ಸಾಲು ಓದಿ."

"ಇವರು ನನ್ನ... ಸಂಬಂಧಿಕರಲ್ಲ."

"ಅದನ್ನ ಬರೆದು ಕೊಡೋಕೆ ನನ್ನ ಕೈ ಬರಲಿಲ್ಲ ಪ್ರೇಮಲತಾ."

ಮೂರು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು. ಅರ್ಜಿಗಳಲ್ಲಿ ಬಿಟ್ಟರೆ ಆ ಹೆಸರನ್ನು ಪೂರ್ತಿಯಾಗಿ ಯಾರೂ ಬಳಸುತ್ತಿರಲಿಲ್ಲ.

"ಅದು ನಿಜಾನೇ ಅಲ್ವಾ? ಇವತ್ತಿಗೆ?" ಎಂದಳು ಮೆಲ್ಲಗೆ.

"ಇವತ್ತಿಗೆ ನಿಜ. ನಾನು ಮಾತ್ರ ಎರಡು ವರ್ಷದಿಂದ ಅದು ಸುಳ್ಳಾಗಲಿ ಅಂತ ಕಾಯ್ತಾ ಇದ್ದೀನಿ."

"ನಿನ್ನೇನೇ ಹೇಳಬಹುದಿತ್ತಲ್ಲ! ನಾನು ಏನೇನೋ... ರಾತ್ರಿ ಎಲ್ಲ..."

"ಹೇಗೆ ಹೇಳ್ಲಿ? ಕೆಲಸದ ಕಾಗದ ಹಿಡ್ಕೊಂಡು ಸಹಿಗೆ ಬಂದವರ ಹತ್ರ, ಪೆನ್ನು ಕೈಯಲ್ಲಿಟ್ಕೊಂಡು ಈ ಮಾತು ಆಡಿದ್ರೆ ಲಂಚ ಕೇಳಿದ ಹಾಗೆ ಆಗ್ತಿತ್ತು. ನಿಮ್ಮ ಕೆಲಸ ನನ್ನ ಕೈ ದಾಟಿ ಹೋಗ್ಲಿ ಅಂತ ಕಾದೆ. ಈಗ ನೀವು ಇಲ್ಲ ಅಂದ್ರೂ ನಿಮ್ಗೆ ಏನೂ ನಷ್ಟ ಇಲ್ಲ. ನಾಗಪುರಕ್ಕೆ ಹೋಗೇ ಹೋಗ್ತೀರಿ."

'ಏನೂ ನಷ್ಟ ಇಲ್ಲವಂತೆ!' ಎಂದು ಅವಳ ಒಳಗು ಕೂಗಿತು.

ರಸ್ತೆಯಾಚೆ ಪುಟ್ಟಸ್ವಾಮಿ ದೋಸೆ ಹೊಯ್ಯುವುದನ್ನು ಮರೆತು ನಿಂತಿದ್ದ. ಕಾವಲಿಯಿಂದ ಹೊಗೆ ಏಳುತ್ತಿತ್ತು. ಪ್ರೇಮಲತಾ ಒಮ್ಮೆ ಅತ್ತ ನೋಡಿದಳು. ನೋಡಲಿ ಬಿಡು, ಅನಿಸಿತು.

"ಪೆನ್ನು ಕೊಡಿ," ಎಂದಳು.

ಅವನು ಹಸಿರು ಪೆನ್ನು ಕೊಟ್ಟ. ಅವಳು ಹಾಳೆಯನ್ನು ಬೈಕಿನ ಸೀಟಿನ ಮೇಲಿಟ್ಟು, ಮೂರನೇ ಸಾಲನ್ನು ಉದ್ದಕ್ಕೂ ಹೊಡೆದು ಹಾಕಿದಳು. ಆಮೇಲೆ ಮೇಲ್ಗಡೆ ತನ್ನ ಹೆಸರಿದ್ದ ಜಾಗದಲ್ಲೂ ಒಂದು ಗೆರೆ ಎಳೆದು, ದುಂಡಗೆ ಬರೆದಳು: ಡಾ. ಜಯಪ್ರಕಾಶ್.

"ಇದೇನಿದು?"

"ನಿಮ್ಗೆ ನನ್ನ ನಡತೆ ಗೊತ್ತಾಯ್ತು. ನಮ್ಮಪ್ಪಂಗೆ ನಿಮ್ಮದು ಗೊತ್ತಾಗ್ಬೇಡ್ವಾ? ಇದನ್ನ ತಗೊಂಡು ಭಾನುವಾರ ಬಾಳೂರಿಗೆ ಬನ್ನಿ. ನಾಗಪುರಕ್ಕೆ ಹೊರಡೋ ಮೊದಲು ಎಲ್ಲ ಮಾತಾಡಿ ಆಗ್ಲಿ. ಆಮೇಲೆ ನೀವು ಕಾಯ್ಬೇಕಾಗುತ್ತೆ. ಟ್ರೇನಿಂಗು, ರಜೆ, ಎಲ್ಲ ನೋಡ್ಕೊಂಡು..."

"ಎರಡು ವರ್ಷ ಕಾದು ಅಭ್ಯಾಸ ಇದೆ." ಅವನು ಬೈಕಿನ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಅಲ್ಲಿಂದ ಕಲ್ಲು ಕಳಿಸ್ತೀರಾ?"

"ಚೀಟಿ ಅಂಟಿಸಿ ಕಳಿಸ್ತೀನಿ. ಸಿಮೆಂಟು ಅಲ್ಲ."

ಅವನು ಹಾಳೆಯನ್ನು ನೋಡಿದ. "ಕೆಳಗೆ ಸಹಿ ಹಾಕಲೇ ಇಲ್ವಲ್ಲ?"

"ನಾನಿನ್ನೂ ಗೆಜೆಟೆಡ್ ಆಗಿಲ್ಲ ಸಾರ್. ಭೂವಿಜ್ಞಾನಿ ಹುದ್ದೆಗೆ ಸೇರಿದ ದಿನ ಆಗ್ತೀನಿ. ಮೊದಲ ಸಹಿ ಇದಕ್ಕೇ." ಅವಳು ಹಸಿರು ಪೆನ್ನನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ಆಗ ಒರಿಜಿನಲ್ ತೋರಿಸ್ಬೇಕಾ?"

ಪ್ರೇಮಲತಾ ಸೆರಗಿನ ತುದಿಯಿಂದ ಅವನ ಕೆನ್ನೆಯ ಮೇಲೆ ಇವತ್ತೂ ಇದ್ದ ಸಗಣಿಯ ಚುಕ್ಕೆಯನ್ನು ಒರೆಸಿದಳು.

"ಬೇಡ... ನೋಡಿ ಆಯ್ತು."