ಬರ್ತೀನಮ್ಮ ಅಂದಿದ್ದಳು

ಕನ್ನಡಕ ರಿಪೇರಿಗೆ ಬಂದವನು ಬದುಕನ್ನೇ ಕೆಡಿಸಿ ಹೋಗುತ್ತಾನೆಂದು ಲಿಖಿತಾ ಕನಸು ಕಂಡಿದ್ದಳೇ? ಗೋಪಾಳದ ಅವಳ ಪುಟ್ಟ ಅಂಗಡಿಗೆ ಆಕರ್ಷ ವಾರಕ್ಕೆರಡು ಸಲ ಬರುತ್ತಿದ್ದ.

"ಮತ್ತೆ ಸ್ಕ್ರೂ ಲೂಸಾ?"

"ಕನ್ನಡಕದ್ದಾ, ನಂದಾ?"

"ಎರಡೂ ಇರ್ಬೇಕು ಮಾರಾಯ."

ಅವಳು ನಗು ತಡೆಯುತ್ತ ಸ್ಕ್ರೂ ಬಿಗಿಯುವಾಗ ಅವನು ಬರಿಗಣ್ಣು ಕಿರಿದು ಮಾಡಿ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಸರಿಯಾಗಿ ಕಾಣದಿದ್ದರೂ ನೋಡುತ್ತಿದ್ದ, ಕಳ್ಳ.

ಅವನು ಟೀವಿ ಚಾನೆಲ್‌ಗೆ ಕಥೆ ಬರೆಯುವವನು. ಈ ಸಲ ಬರೆಯುತ್ತಿದ್ದದ್ದು ಅವಳ ಅಕ್ಕ ನವ್ಯಾಳ ಸಾವಿನ ಟೆಲಿಫಿಲ್ಮ್. ಅದನ್ನವನು ಮುಚ್ಚಿಡಲಿಲ್ಲ, ಅದಕ್ಕೇ ಅವಳು ನಂಬಿದ್ದು. ಎರಡು ವರ್ಷದ ಹಿಂದೆ ಗಂಡನ ಜತೆ ಜಗಳವಾಡಿ ತವರಿಗೆ ಬಂದಿದ್ದ ನವ್ಯಾ, ಮಾರ್ಕ್ಸ್‌ಕಾರ್ಡ್ ತರಲು ಭದ್ರಾವತಿಯ ಗಂಡನ ಮನೆಗೆ ಹೋದವಳು, ಮರುದಿನ ನಾಲೆಯಲ್ಲಿ ಹೆಣವಾಗಿ ಸಿಕ್ಕಿದ್ದಳು. ತಾನೇ ಹಾರಿದಳು ಎನ್ನುತ್ತಾನೆ ಗಂಡ. ಕೇಸು ಇನ್ನೂ ಕೋರ್ಟಿನಲ್ಲಿದೆ.

"ಬಾಗಿಲಲ್ಲಿ ನಿಂತು 'ಬರ್ತೀನಮ್ಮ, ನಂಗೆ ನಾಲ್ಕು ಕಡುಬು ಎತ್ತಿಡು' ಅಂದ್ಲು," ಎಂದಿದ್ದಳು ಲಿಖಿತಾ, ತುಂಗಾ ಸೇತುವೆಯ ಮೇಲೆ ನಿಂತು. "ಸಾಯೋಕೆ ಹೊರಟೋಳು ಹಂಗಂತಾಳಾ?"

ಆಕರ್ಷ ಅವಳ ಕಣ್ಣೊರೆಸಿದ್ದ. "ನಿಮ್ಮಕ್ಕನ ಮಾತು ಒಂದಕ್ಷರ ಬದಲಾಯ್ಸಲ್ಲ. ನಿನ್ನಾಣೆ."

ಭಾನುವಾರ ಮಧ್ಯಾಹ್ನ ಟೆಲಿಫಿಲ್ಮ್ ಬಂತು. ಅಮ್ಮ ಪ್ರೇಮಮ್ಮ ಊಟದ ತಟ್ಟೆ ಹಿಡಿದೇ ಕೂತಿದ್ದರು. ಟೀವಿಯ ನವ್ಯಾ ಬಾಗಿಲಲ್ಲಿ ತಿರುಗಿ, ಕಣ್ತುಂಬಿಕೊಂಡು, "ಹೋಗ್ತೀನಮ್ಮ," ಎಂದಳು. ಹಿಂದೆ ಪಿಟೀಲು ಬೇರೆ!

ಹೊಸ್ತಿಲು ದಾಟುವಾಗ ಯಾರಾದರೂ 'ಹೋಗ್ತೀನಿ' ಅನ್ನುತ್ತಾರೆಯೇ? ತಿರುಗಿ ಬರುವ ಮನಸ್ಸಿಲ್ಲದವರು ಅಂದಾರು. ಅದು ಗೊತ್ತಿದ್ದೇ ಬರೆದಿದ್ದ ಮಹರಾಯ. ಕಡುಬಿನ ಸುದ್ದಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಅಳುಕುತ್ತ ಕೇಳಿದರು. "ಲಿಖಿ, ಅವ್ಳು ಹೋಗ್ತೀನಿ ಅಂದಿದ್ಲೇನೇ?"

"ಬರ್ತೀನಿ ಅಂದ್ಲಮ್ಮ! ನೀನೇ ಕೇಳಿಸ್ಕೊಂಡಿದ್ದೆ."

"ಈಗ ಕಿವೀಲಿ ಬರೀ ಆ ಟೀವಿ ಹುಡುಗಿ ದನಿ ಕಣೇ. ಗುರುವಾರ ಸಾಕ್ಷಿ ಹೇಳೋವಾಗ ಲಾಯರ್ ಗದರಿಸಿ ಕೇಳಿದ್ರೆ ಏನಂತ ಹೇಳ್ಲಿ?"

ಲಿಖಿತಾಳಿಗೆ ಸೇತುವೆಯ ಮೇಲೆ ಆಕರ್ಷ ಇಟ್ಟ ಆಣೆ ನೆನಪಾಯಿತು. ಮೋಸ ಅಂದರೆ ಇದು, ಇನ್ನೇನು?

ಸಂಜೆ ಆಕರ್ಷ ಅಂಗಡಿಗೆ ಬಂದ. ಕನ್ನಡಕ ಸರಿಯಾಗಿಯೇ ಇತ್ತು.

"ಡೈರೆಕ್ಟರ್ ಒಪ್ಲಿಲ್ಲ ಲಿಖಿ. 'ಬರ್ತೀನಿ' ಅಂದ್ರೆ ಯಾರ್ ಅಳ್ತಾರೆ ಅಂದ್ರು. ಒಂದೇ ಒಂದು ಮಾತು..."

"ನಮ್ಮಮ್ಮನ ಹತ್ರ ಇದ್ದಿದ್ದೂ ಅದೊಂದೇ ಮಾತು."

"ನಿನ್ನ ಬಿಟ್ಟಿರೋಕಾಗಲ್ಲ ನಂಗೆ."

"ನಂಗೂ ಆಗಲ್ಲ. ಅದಕ್ಕೇ ಕೇಳ್ತಿದೀನಿ. ನಾನೇ ಮಾತು ಬದಲಾಯ್ಸ್ದೆ ಅಂತ ನಾಳೆ ಅಮ್ಮನ ಎದುರು ಹೇಳು. ಚಾನೆಲ್‌ನಲ್ಲೂ ಹೇಳ್ಸು."

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. "ಚಾನೆಲ್‌ನಲ್ಲಾ? ಕೆಲ್ಸಾನೇ ಹೋಗುತ್ತೆ ಮಾರಾಯ್ತಿ. ಸ್ವಲ್ಪ ದಿನ ಕಳೀಲಿ."

ಅವಳು ಲೈಟು ಆರಿಸಿ, ಅವನು ಹೊರಬಂದ ಮೇಲೆ ಶಟರ್ ಎಳೆದು ಬೀಗ ಹಾಕಿದಳು. ಅವನ ಮೇಲಿನ ಆಸೆ ಇನ್ನೂ ಸತ್ತಿರಲಿಲ್ಲ. ಅದೇ ಹೆಚ್ಚು ಉರಿಯುತ್ತಿತ್ತು.

"ಕೋಪ ಇಳಿದ್ಮೇಲೆ ಸಿಗ್ತೀಯಲ್ಲ?" ಎಂದ ಆಕರ್ಷ. "ಬರ್ತೀನಿ ಅಂತಾದ್ರೂ ಹೇಳು."

ಲಿಖಿತಾ ಮೆಟ್ಟಿಲಿಳಿದು ತಿರುಗಿ ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಹೋಗ್ತೀನಿ," ಎಂದಳು.