ಗಾಜಿನಲ್ಲಿ ಬೆಳೆದ ರಕ್ತನಾಳ

ಗಾಜಿನ ಪಟ್ಟಿಯ ಮೇಲೆ ಇಂಚರಳ ರಕ್ತನಾಳ ಬೆಳೆದು ನಿಂತಿತ್ತು. ಕೂದಲಿನಷ್ಟು ಸಣ್ಣದು, ಆದರೆ ಅವಳದೇ. ಅವಳ ತೋಳಿನಿಂದ ತೆಗೆದ ರಕ್ತದ ಜೀವಕೋಶಗಳಿಂದ ಹೆಣೆದದ್ದು. ಒಳಗೆ ಹರಿಯುತ್ತಿದ್ದುದೂ ಅವಳ ರಕ್ತವೇ. ಹುಬ್ಬಳ್ಳಿಯ ವಿಜ್ಞಾನಿ ಡಾ. ಸುಭಾಷಿಣಿ ಈ ಯಂತ್ರಕ್ಕೆ ‘ಪ್ರತಿನಾಳ’ ಎಂದು ಹೆಸರಿಟ್ಟಿದ್ದರು. ಯಾವುದೇ ಮಾತ್ರೆಯನ್ನು ಮೊದಲು ಇದು ನುಂಗಬೇಕು, ಆಮೇಲೆ ಮನುಷ್ಯರು. ೨೦೫೬ರ ಹೊತ್ತಿಗೆ ಇಷ್ಟಾದರೂ ಬುದ್ಧಿ ಬಂದಿತ್ತಲ್ಲ, ಪುಣ್ಯ.

ಇಂಚರ ಸರಕು ರೈಲು ಓಡಿಸುವವಳು. ಮಗುವಿಗೆ ಈಗಷ್ಟೇ ವರ್ಷ ತುಂಬಿದೆ. ಇನ್ನೊಂದು ಸದ್ಯಕ್ಕೆ ಬೇಡ, ಎಂಜಿನ್ ಬಿಟ್ಟು ಮನೆಯಲ್ಲಿ ಕೂರಲಾರೆ ಎಂದು ಗರ್ಭನಿರೋಧಕ ಮಾತ್ರೆ ಕೇಳಲು ಬಂದಿದ್ದಳು. ಜೊತೆಗೆ ತಾಯಿ ದಾನೇಶ್ವರಿ.

ಮಾತ್ರೆಯಲ್ಲಿರುವ ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಸುಭಾಷಿಣಿ ನಾಳಕ್ಕೆ ಬಿಟ್ಟರು. ವರ್ಷದಲ್ಲಿ ಆಗುವುದನ್ನು ಯಂತ್ರ ಚಹಾ ಕುಡಿಯುವಷ್ಟರಲ್ಲಿ ತೋರಿಸುತ್ತದೆ. ಚಹಾ ಮುಗಿಯುವ ಮೊದಲೇ ರಕ್ತ ಹಾಲು ಒಡೆದಂತೆ ಗಟ್ಟಿಯಾಗಿ ನಾಳ ಮುಚ್ಚಿಹೋಯಿತು.

ಇಂಚರಳಿಗೆ ಅಳುವೇ ಬಂತು. ಮಾತ್ರೆ ಇಲ್ಲವೆಂದರೆ ಕೆಲಸವೂ ಹೋದಂತೆ ಎಂದು ಅವಳ ಎಣಿಕೆ. ಸುಭಾಷಿಣಿ ಸಮಾಧಾನ ಹೇಳಿದರು. ಹೆಚ್ಚಿನವರಿಗೆ ಹೀಗಾಗುವುದಿಲ್ಲ, ಮಾತ್ರೆ ಕೆಟ್ಟದ್ದಲ್ಲ, ಇವಳಿಗೆ ಒಗ್ಗದು ಅಷ್ಟೆ; ಹಾರ್ಮೋನ್ ಇಲ್ಲದ ಕಾಪರ್-ಟಿ ಇದೆಯಲ್ಲ. ಆಮೇಲೆ, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ ಎಂದು ಕೇಳಿದರು. ಇಂಚರ ಇಲ್ಲವೆಂದಳು. ದಾನೇಶ್ವರಿ ಮಗಳಿಗೂ ಹೇಳಿರದ ಮಾತೊಂದನ್ನು ತೆಗೆದಳು.

ಮೂವತ್ತು ವರ್ಷದ ಹಿಂದೆ, ಬಾಣಂತನದಲ್ಲಿ ಅವಳ ತಂಗಿ ಭಾಗ್ಯಶ್ರೀಯ ಒಂದು ಕಾಲು ಬಾತಿತ್ತು. ಗಾಳಿ ಹೊಡೆದಿದೆ ಎಂದು ಬಿಸಿ ಎಣ್ಣೆ ತಿಕ್ಕಿದ್ದರು. ಕೆಲವೇ ತಿಂಗಳಲ್ಲಿ ಗಂಡನ ಮನೆಯ ಗೃಹಪ್ರವೇಶ. ಪೂಜೆಗೆ ಕೂರಬೇಕಾದ ಸೊಸೆ ಮುಟ್ಟಾದರೆ ಹೇಗೆ? ಮುಟ್ಟು ಮುಂದೂಡುವ ಹಾರ್ಮೋನ್ ಮಾತ್ರೆಯನ್ನು ಅಂಗಡಿಯಿಂದ ತರಿಸಿ ನುಂಗಿಸಿದರು. ಎಲ್ಲರ ಮನೆಯಲ್ಲೂ ಮಾಡುವುದೇ, ಇದಕ್ಕೂ ಡಾಕ್ಟರೇ ಎಂದರು ಹಿರಿಯರು. ಪೂಜೆ ಸಾಂಗವಾಗಿ ನಡೆಯಿತು. ವಾರದೊಳಗೆ ಉಸಿರು ಸಿಕ್ಕಿಕೊಂಡು ಭಾಗ್ಯಶ್ರೀ ಹೋದಳು. ದೃಷ್ಟಿ ತಾಗಿತು ಎಂದು ಊರು ಹೇಳಿತು, ಮನೆಯವರು ಅವಳ ಹೆಸರೆತ್ತುವುದನ್ನೇ ಬಿಟ್ಟರು.

“ಆವಾಗ ಈ ಮಷೀನ್ ಇದ್ದಿದ್ರ ನಮ್ಮ ಭಾಗ್ಯಾ ಉಳೀತಿದ್ಲೇನ್ರಿ?” ಎಂದು ಕೇಳಿದಳು ದಾನೇಶ್ವರಿ.

ಅಂದು ಕಾಲು ಬಾತದ್ದು ರಕ್ತ ಹೆಪ್ಪುಗಟ್ಟಿ, ಮಾತ್ರೆ ನುಂಗಿದ ಮೇಲೆ ಮತ್ತೆ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಏರಿತ್ತು ಎಂದು ಸುಭಾಷಿಣಿಗೆ ಹೊಳೆದಿತ್ತು. ಹೌದೆನ್ನಬೇಕೆಂದು ಅವರಿಗೆ ಆಸೆಯಾಯಿತು. ಅರ್ಧ ಆಯುಷ್ಯವನ್ನು ಈ ಯಂತ್ರಕ್ಕೇ ಸವೆಸಿದವರು, ಆ ಮಾತು ಅವರಿಗೂ ಬೇಕಿತ್ತು.

“ಮಷೀನ್ ಬೇಕಾಗಿರ್ಲಿಲ್ರೀ ಅಕ್ಕಾರ,” ಎಂದರು. “ಗುಳಿಗಿ ಕೊಡೂಕಿಂತ ಮೊದ್ಲ, ಹಿಂದ ಯಾವಾಗರೆ ಕಾಲು ಬಾತಿತ್ತೇನವಾ ಅಂತ ಯಾರರೆ ಒಬ್ರು ಕೇಳಿದ್ರ ಸಾಕಿತ್ತು.”